ನಡುಮನೆಗೆ ಮೂರು ಮಡಿಲು ಕಮ್ಮಿ

ರಾಯದುರ್ಗದಲ್ಲಿ ನಮಗೆ ಇದ್ದದ್ದು ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆ ಮತ್ತು ಒಂದು ಅಡುಗೆಮನೆ. ಅಪ್ಪ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಆ ಮನೆಯಲ್ಲಿ ಯಾರಾದರೂ ನಿಧಾನವಾಗಿ ಕೂತು ಊಟ ಮುಗಿಸಿದ್ದು ನನ್ನ ನೆನಪಿನಲ್ಲಿಲ್ಲ. ಬಳ್ಳಾರಿ ಗಾಡಿ ಹತ್ತಿರವಾಗುತ್ತಿದ್ದಂತೆ ಹಲಗೆಯ ಮೇಲಿನ ಹಿತ್ತಾಳೆ ಲೋಟಗಳು ನಡುಗುತ್ತಿದ್ದವು. ಅಪ್ಪ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ. ಅಮ್ಮ ಅದನ್ನು ಮುಚ್ಚಿಡುತ್ತಿದ್ದಳು. ಗಾಡಿ ಹೋದ ಮೇಲೆ ಅವನು ಬಂದು ಬಾಗಿಲಲ್ಲೇ ನಿಂತು ಉಳಿದರ್ಧ ತಿನ್ನುತ್ತಿದ್ದ. ಅಮ್ಮ ಮಡಕಶಿರದವಳು, ಅಪ್ಪ ರಾಯದುರ್ಗದವನು. ಎರಡೂ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು, ಆದರೆ ಮಾತು ಬೇರೆ. ಅವರ ಜಗಳಗಳು ನನಗೆ ಎರಡು ಕನ್ನಡದಲ್ಲಿ ನೆನಪಿವೆ. ಬೈಗುಳ ಮಾತ್ರ ಇಬ್ಬರದೂ ತೆಲುಗಿನಲ್ಲಿತ್ತು.

ನಾನು ಮೂರನೇ ಫಾರಂ ಮುಗಿಸಿದ ಬೇಸಿಗೆಯಲ್ಲಿ ಶಾಲೆಯವರು ಒಂದು ಚೀಟಿ ಕೊಟ್ಟು ಕಳಿಸಿದರು. ಮುಂದಿನ ತರಗತಿಯಲ್ಲಿ ಹುಡುಗರಿಗೆ ಬೀಜಗಣಿತ ಕಡ್ಡಾಯ. ಹುಡುಗಿಯರು ಬೇಕಿದ್ದರೆ ಅದನ್ನು ಬಿಟ್ಟು ಹೊಲಿಗೆ ಮತ್ತು ಮನೆವಾರ್ತೆಯ ಪಾಠ ತೆಗೆದುಕೊಳ್ಳಬಹುದು. ಯಾವುದೆಂದು ಬರೆದು ತಂದೆ ಸಹಿ ಹಾಕಬೇಕು. ನನಗೆ ಬೀಜಗಣಿತ ಬೇಕಿತ್ತು. ಯಾಕೆ ಬೇಕಿತ್ತೆಂದು ಈಗ ಕೇಳಿದರೆ ಘನವಾದ ಕಾರಣವೇನೂ ಇಲ್ಲ. ಅದು ಬೇಕಿಲ್ಲದಿದ್ದರೆ ಬಿಡಬಹುದು ಎಂದು ನಮಗೆ, ಹುಡುಗಿಯರಿಗೆ ಮಾತ್ರ ಹೇಳಿದ್ದರು, ಅಷ್ಟೇ. ಆ ಸಂಜೆ ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು.

“ಹೊಲಿಗೆ ಕಲಿತ್ರೆ ರವಿಕೆನಾದ್ರೂ ಹೊಲ್ಕಂತಾಳೆ. ಬೀಜಗಣಿತ ಏನು ಉಟ್ಕಳಕ್ಕಾಯ್ತದಾ?”

“ಉಟ್ಕೊಳ್ಳಾಕ ಅಲ್ಲ, ತಡಿ,” ಎಂದ ಅಪ್ಪ. “ಇಕಿಗೆ ಅದಕ್ಕ ತಲಿ ಐತೋ ಇಲ್ಲೋ ಗೊತ್ತಾಗಬೇಕು. ಇಲ್ಲದಿದ್ರ ಫೇಲ್ ಆಕ್ಕಾಳ. ಫೇಲಾದ ಹುಡುಗೀನ ಮತ್ತ ಸಾಲಿಗೆ ಕಳಿಸಿದ ಮನಿ ಈ ಊರಾಗ ಒಂದರ ತೋರ್ಸು.”

ಅಂಥ ಮನೆ ಒಂದೂ ಇರಲಿಲ್ಲ. ಆ ವಿಷಯದಲ್ಲಿ ಇಬ್ಬರಿಗೂ ಜಗಳವಿರಲಿಲ್ಲ. ಕೊನೆಗೆ ಅಪ್ಪ ಚೀಟಿಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು ತೀರ್ಪು ಕೊಟ್ಟ:

“ನಿನ್ನ ತಮ್ಮ ಮದ್ರಾಸಿನಾಗ ಲೆಕ್ಕಾನ ಓದ್ಯಾನ. ರಜಾದಾಗ ಊರಿಗೆ ಬಂದಾನಲ್ಲ. ಅವ ಇಕಿನ್ನ ನೋಡಿ ಒಂದು ಕಾಗದ ಬರೀಲಿ. ಅದನ್ನ ಓದಿ ಸಹಿ ಹಾಕೋದೋ ಬಿಡೋದೋ ನೋಡ್ತೀನಿ.”

ಹೀಗೆ ನನ್ನ ಮುಂದಿನ ಓದು ಚಿಕ್ಕಮಾವನ ಒಂದು ಕಾಗದಕ್ಕೆ ಬಿತ್ತು. ಬಳ್ಳಾರಿ, ಗುಂತಕಲ್ಲು, ಹಿಂದೂಪುರ ಎಂದು ಗಾಡಿ ಬದಲಿಸಿ, ಅಲ್ಲಿಂದ ಬಸ್ಸಿನಲ್ಲಿ ಮಡಕಶಿರ ಮುಟ್ಟುವವರೆಗೆ ನಾನು ಕಿಟಕಿಯ ಹೊರಗೆ ಏನನ್ನೂ ನೋಡಿದ ನೆನಪಿಲ್ಲ. ದಾರಿಯುದ್ದಕ್ಕೂ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಬೀಜಗಣಿತವೆಂದರೆ ಮಗ್ಗಿಯ ಪರೀಕ್ಷೆ ಇರಬಹುದೆಂಬ ಅಂದಾಜು.

ಅಜ್ಜಿಯ ಮನೆ ಕೋಟೆಬೆಟ್ಟದ ಬುಡದಲ್ಲಿತ್ತು. ಸಂಜೆಯಾದರೂ ಬಂಡೆಯ ಕಾವು ಗೋಡೆಗೆ ಬಡಿಯುತ್ತಿತ್ತು. ನಾನು ಹೋದಾಗ ಮನೆಯಲ್ಲಿ ಹುಳ ಮೇಯುತ್ತಿದ್ದವು. ರೇಷ್ಮೆ ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಳ ಬಂದರೆ ಮನೆಯ ಒಳ್ಳೆಯ ಕೋಣೆಗಳು ಅವಕ್ಕೆ. ಮನುಷ್ಯರು ಜಗಲಿಗೆ, ಅಡುಗೆಮನೆಗೆ. ಆ ಸಲ ನಡುಮನೆ ಮತ್ತು ಉಗ್ರಾಣ ಎರಡರಲ್ಲೂ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಅಡ್ಡೆಗೆ ಏರಿಸಿದ್ದರು. ಕಿಟಕಿಗೆ ಒದ್ದೆ ಗೋಣಿ, ನೆಲಕ್ಕೆ ದಿನಕ್ಕೆ ಮೂರು ಸಲ ನೀರು. ಒಗ್ಗರಣೆಯ ಘಾಟು ಹುಳಕ್ಕೆ ಆಗದೆಂದು ಆ ತಿಂಗಳು ಸಾರಿಗೆ ಒಗ್ಗರಣೆಯೇ ಇಲ್ಲ. ರಾಗಿ ಮುದ್ದೆಯನ್ನು ಸಪ್ಪೆ ಸಾರಿಗೆ ಅದ್ದಿ ನುಂಗುತ್ತಿದ್ದೆವು. ಇನ್ನೆರಡು ಕಟ್ಟಳೆಗಳು ಮುಖ್ಯ. ಮುಟ್ಟಾದ ಹೆಂಗಸು ಮೂರು ದಿನ ಹುಳದ ಕೋಣೆಗೆ ಕಾಲಿಡಬಾರದು. ಮತ್ತು ತಟ್ಟೆಗಳನ್ನು ಯಾರೂ ಬಾಯಿಬಿಟ್ಟು ಎಣಿಸಬಾರದು, ಎಣಿಸುವ ಹಾಗೆ ನಿಂತು ನೋಡಲೂ ಬಾರದು. ಎಣಿಸಿದ ಹುಳ ಗೂಡು ಕಟ್ಟುವುದಿಲ್ಲ ಎಂದು ನಂಬಿಕೆ. ಹುಳದ ಕೆಲಸವೆಲ್ಲ ಅತ್ತೆಯ ಕೈಯಲ್ಲಿತ್ತು. ಅತ್ತೆ ಎಂದರೆ ದೊಡ್ಡಮಾವನ ಹೆಂಡತಿ, ಓದು ಬರಹ ಇಲ್ಲದವಳು. ಯಾವ ತಟ್ಟೆಗೆ ಎಷ್ಟು ಸೊಪ್ಪು ಎಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ; ಅವಳ ಕೈಗೆ ಗೊತ್ತಿತ್ತು. ದೊಡ್ಡಮಾವ ಆ ವಾರ ಎತ್ತು ತರಲು ಊರು ಬಿಟ್ಟಿದ್ದ.

ಚಿಕ್ಕಮಾವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಆನರ್ಸ್ ಪರೀಕ್ಷೆ ಬರೆದು ಬಂದು ಫಲಿತಾಂಶಕ್ಕೆ ಕಾಯುತ್ತಿದ್ದ. ಕಾಯುವುದು ಎಂದರೆ ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ನಡೆಯುವುದು. ಅಂಚೆಯವನು ಬರುವ ಹೊತ್ತಿಗೆ ನಡಿಗೆ ಬಿರುಸಾಗುತ್ತಿತ್ತು.

“ಕೂತ್ಕಳ್ಳೋ ಮಗಾ,” ಎನ್ನುತ್ತಿದ್ದಳು ಅಜ್ಜಿ. “ನೀನು ಗಾಣದೆತ್ತಿನಂಗೆ ತಿರುಗಿದ್ರೆ ಕಾಗದ ಬೇಗ ಬತ್ತದಾ? ನೆಲ ಸವೀತದೆ.”

ನಾನು ಅಪ್ಪನ ಮಾತು ಒಪ್ಪಿಸಿದೆ. ಅವನು ನಡೆಯುತ್ತಲೇ ಕೇಳಿಸಿಕೊಂಡ. ಎಕ್ಸು, ವೈ ಕಲಿಸುವುದು ಮೇಷ್ಟರ ಕೆಲಸ, ಅದನ್ನು ಯಾರಾದರೂ ಕಲಿಯುತ್ತಾರೆ ಎಂದ. ಸುಣ್ಣದ ಕಡ್ಡಿ ತಂದು ಜಗಲಿಯ ಮೇಲೆ ಎರಡು ದೊಡ್ಡ ಕಂಸ ಎಳೆದು, ಒಳಗೆ ನಾಲ್ಕು ಅಂಕಿ ಬರೆದ. ಮೇಲಿನ ಸಾಲು ಒಂದು, ಎರಡು. ಕೆಳಗಿನ ಸಾಲು ಮೂರು, ಒಂದು.

“ಇದಕ್ಕೆ ಮ್ಯಾಟ್ರಿಕ್ಸ್ ಅಂತಾರೆ. ಮೇಲಿನ ಸಾಲು ನಡುಮನೆ, ಕೆಳಗಿನ ಸಾಲು ಉಗ್ರಾಣ. ಎಡಗಡೆ ಸಣ್ಣ ಹುಳದ ತಟ್ಟೆ, ಬಲಗಡೆ ದೊಡ್ಡ ಹುಳದ್ದು. ಲೆಕ್ಕ ಸುಳ್ಳು, ನಾನು ಎಣಿಸಿಲ್ಲ ಕಣಮ್ಮಾ,” ಎಂದು ಒಳಗೆ ಕೇಳುವಂತೆ ಕೂಗಿದ.

ಪಕ್ಕದಲ್ಲಿ ಇನ್ನೊಂದು ಜೊತೆ ಕಂಸ. ಅದು ಅತ್ತೆಯ ಕೈಯ ಲೆಕ್ಕ. ಅವಳನ್ನು ಪೀಡಿಸಿ ಕೇಳಿ ತಿಳಿದದ್ದು. ಸಣ್ಣ ಹುಳದ ತಟ್ಟೆಗೆ ಒಂದು ಮೇವಿಗೆ ಎರಡು ಮಡಿಲು ಎಳೆ ಸೊಪ್ಪು, ಬಲಿತ ಸೊಪ್ಪು ಸೊನ್ನೆ. ದೊಡ್ಡ ಹುಳದ ತಟ್ಟೆಗೆ ಒಂದು ಮಡಿಲು ಎಳೆಯದು, ಮೂರು ಮಡಿಲು ಬಲಿತದ್ದು. ಸೀರೆಯ ಮಡಿಲಲ್ಲಿ ಹಿಡಿಯುವಷ್ಟು ಸೊಪ್ಪೇ ನಮ್ಮ ಅಳತೆ. ಮೇಲಿನ ಸಾಲು ಎರಡು, ಸೊನ್ನೆ. ಕೆಳಗಿನ ಸಾಲು ಒಂದು, ಮೂರು.

“ಎಡಗೈ ಬೆರಳನ್ನ ಈ ಸಾಲಿನ ಮ್ಯಾಲೆ ಅಡ್ಡಡ್ಡ ಓಡ್ಸು. ಬಲಗೈ ಬೆರಳನ್ನ ಆ ಕಂಸದ ಅಂಕಿ ಕಂಬದ ಮ್ಯಾಲೆ ಮೇಲಿಂದ ಕೆಳಕ್ಕೆ. ಎರಡೂ ಒಟ್ಟಿಗೆ ಹೆಜ್ಜೆ ಇಡ್ಬೇಕು. ಎದುರಾದದ್ದನ್ನ ಗುಣಿಸು, ಕೊನೇಲಿ ಕೂಡು.”

ಒಂದೆರಡ್ಲ ಎರಡು, ಎರಡೊಂದ್ಲ ಎರಡು, ಕೂಡಿದರೆ ನಾಲ್ಕು. ನಡುಮನೆಗೆ ಎಳೆ ಸೊಪ್ಪು ನಾಲ್ಕು ಮಡಿಲು. ಅದೇ ಸಾಲು, ಮುಂದಿನ ಕಂಬ: ಸೊನ್ನೆ, ಆರು, ಬಲಿತದ್ದು ಆರು. ಉಗ್ರಾಣಕ್ಕೆ ಏಳು, ಮೂರು. ನನ್ನ ಎರಡು ಬೆರಳುಗಳು ಬೇರೆಬೇರೆ ದಿಕ್ಕಿಗೆ ಹೋಗಿಯೂ ಒಂದೇ ಕಡೆ ಮುಟ್ಟಿದ್ದು ನನಗೆ ಕಣ್ಕಟ್ಟಿನಂತೆ ಕಂಡಿತು. ಮತ್ತೆ ಮತ್ತೆ ಮಾಡಿದೆ. ಆಮೇಲೆ ಅವನು ಎರಡು ಕಂಸಗಳ ಜಾಗ ಅದಲು ಬದಲು ಮಾಡಿ, ಈಗ ಗುಣಿಸು ಎಂದ. ಎರಡು, ನಾಲ್ಕು, ಹತ್ತು, ಐದು ಬಂತು. ಉತ್ತರವೇ ಬೇರೆ.

“ಉತ್ತರ ಬಂತಲ್ಲ. ಏನು ಅದು?”

“ಸೊಪ್ಪು.”

“ಯಾವ ಕೋಣೇದು?”

ನಾನು ಬೆರಳನ್ನು ಮತ್ತೆ ಸಾಲಿನ ಮೇಲೆ ಓಡಿಸಿದೆ. ಅವನು ಮೊದಲ ಸಲ ನನ್ನೆದುರು ಕುಕ್ಕರಗಾಲಲ್ಲಿ ಕೂತ. ಆ ಮನೆಯಲ್ಲಿ ನಾನು ‘ಪಾಪ’, ಎಂದರೆ ಮಗು.

“ಇದಕ್ಕೆ ಅರ್ಥ ಇಲ್ಲ ಪಾಪ. ಮೊದಲು ಕೋಣೆಯಿಂದ ಹುಳಕ್ಕೆ ಬರ್ಬೇಕು, ಆಮೇಲೆ ಹುಳದಿಂದ ಸೊಪ್ಪಿಗೆ. ನಡುವೆ ಹುಳಕ್ಕೆ ಹುಳ ತಾಕ್ಬೇಕು. ನೀನು ಸೊಪ್ಪನ್ನ ತಂದು ಕೋಣೆಗೆ ತಾಕಿಸ್ದೆ. ಎರಡೆರಡರ ಚೌಕ ನೋಡು, ತಾಕದಿದ್ರೂ ಸುಮ್ನೆ ಉತ್ತರ ಕೊಟ್ಬಿಡ್ತದೆ. ಅದಕ್ಕೆ ನಾಚಿಕೆ ಇಲ್ಲ.”

ಮೂರು ದಿನ ಇದೇ ನಡೆಯಿತು. ಜಗಲಿಯೆಲ್ಲ ಕಂಸ. ಅಜ್ಜಿ ದಾಟಿಕೊಂಡು ಓಡಾಡುತ್ತ, ರಂಗೋಲಿಯಾದರೂ ಹಾಕಿದ್ದರೆ ಲಕ್ಷ್ಮಿ ಬರುತ್ತಿದ್ದಳು ಎಂದಳು. ಮಾವ ಅಪ್ಪನಿಗೆ ಕಾಗದ ಬರೆಯುವ ಮಾತನ್ನೇ ಎತ್ತಲಿಲ್ಲ. ಕೇಳಿದರೆ “ನೋಡಾಣ” ಎನ್ನುತ್ತ ಮತ್ತೆ ಕಂಬ ಸುತ್ತುತ್ತಿದ್ದ. ನಾಲ್ಕನೆಯ ಬೆಳಗ್ಗೆ ಅತ್ತೆ ಹೊರಗಾದಳು. ಹಿತ್ತಲ ಜಗಲಿಯಲ್ಲಿ ಚಾಪೆ ಹಾಕಿ ಕೂತಳು. ಅಜ್ಜಿಗೆ ಕಣ್ಣು ಮಂಜು. ಕೈಯಿಂದ ತಡವಿ ಸೊಪ್ಪು ಹರಡಬಲ್ಲಳು, ಎಷ್ಟು ಕೀಳಿಸಬೇಕೆಂದು ಹೇಳಲಾರಳು. ಸೊಪ್ಪು ಕೀಳುವ ನರಸಮ್ಮ ತನ್ನ ಮಗಳೊಂದಿಗೆ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಹೊತ್ತೇರಿದ ಮೇಲೆ ಕಿತ್ತ ಬಾಡು ಸೊಪ್ಪು ಹುಳಕ್ಕೆ ಆಗದು. ಆದ್ದರಿಂದ ಬೆಳಗಿನ ಮೇವು, ಮಧ್ಯಾಹ್ನದ ಮೇವು ಎರಡಕ್ಕೂ ಮುಂಜಾನೆಯೇ ಕಿತ್ತು ಒದ್ದೆ ಗೋಣಿಯಡಿ ಇಡಬೇಕು. ಮಾವ ನನ್ನ ಕಡೆ ನೋಡಿದ.

“ಪಾಪ ಲೆಕ್ಕ ಮಾಡ್ತಾಳೆ. ಇದೇ ಅವಳ ಪರೀಕ್ಷೆ. ಇದನ್ನೇ ಅವರಪ್ಪನಿಗೆ ಬರೀತೀನಿ.”

“ತಟ್ಟೆ ಎಷ್ಟು ಅಂತ ನಾನು ಬಾಯಲ್ಲಿ ಹೇಳಕ್ಕಿಲ್ಲ,” ಎಂದಳು ಅತ್ತೆ. ಕೈಚಾಚಿ ಮೂಲೆಯ ಬುಟ್ಟಿಯಿಂದ ಹುಣಸೆಬೀಜ ತೆಗೆದು ಚಪ್ಪಡಿಯ ಮೇಲೆ ಜೋಡಿಸಿದಳು. ಮೇಲಿನ ಸಾಲಿನಲ್ಲಿ ನಾಲ್ಕು ಬೀಜದ ಗುಂಪು, ಪಕ್ಕದಲ್ಲಿ ಎರಡರದು. ಕೆಳಗಿನ ಸಾಲಿನಲ್ಲಿ ಮೂರು, ಪಕ್ಕದಲ್ಲಿ ಐದು. ನಾನು ಅದನ್ನು ಇದ್ದ ಹಾಗೇ ಸುಣ್ಣದ ಕಂಸದೊಳಗೆ ಇಳಿಸಿದೆ. ಬೆರಳು ಓಡಿಸಿದೆ. ನಡುಮನೆಗೆ ಎಳೆಯದು ಹತ್ತು, ಬಲಿತದ್ದು ಆರು. ಉಗ್ರಾಣಕ್ಕೆ ಹನ್ನೊಂದು, ಹದಿನೈದು. ಒಟ್ಟು ಎಳೆಯದು ಇಪ್ಪತ್ತೊಂದು, ಬಲಿತದ್ದೂ ಇಪ್ಪತ್ತೊಂದು. ಎರಡೂ ಸಮನಾಗಿ ಬಂದದ್ದು ಕಂಡು ನನಗೆ ಹಿಗ್ಗೋ ಹಿಗ್ಗು. ಮುಂದೆ ಪತ್ರಿಕಾ ಕಚೇರಿಯಲ್ಲಿ ಬಹಳ ವರ್ಷ ವರದಿ ತಿದ್ದಿದ ಮೇಲೆ, ಅಷ್ಟು ಅಂದವಾಗಿ ಕೂಡುವ ಅಂಕಿ ಬಂದರೆ ಸಂಶಯಪಟ್ಟು ಮೊದಲು ವರದಿಗಾರನನ್ನು ಕರೆಸುತ್ತಿದ್ದೆ. ಆ ದಿನ ನನಗೆ ಹದಿಮೂರು. ಮಾವ ಒಂದೊಂದು ಗುಣಾಕಾರವನ್ನೂ ನೋಡಿ, ಸರಿ ಎಂದ. ಎರಡು ಮೇವಿಗೆ ಒಂದೊಂದು ಬಗೆ ನಲವತ್ತೆರಡು ಮಡಿಲು ಎಂದು ನರಸಮ್ಮನನ್ನು ತೋಟಕ್ಕೆ ಕಳಿಸಿದೆವು.

ಸೊಪ್ಪು ಬಂತು. ನಾನು ಎಣಿಸಿ ಎಣಿಸಿ ಕೋಣೆಯ ಬಾಗಿಲಿಗೆ ಕೊಟ್ಟೆ, ಅಜ್ಜಿ ಒಳಗೆ ಹರಡಿದಳು. ದೊಡ್ಡ ಹುಳ ಸೊಪ್ಪು ತಿನ್ನುವಾಗ ಒಣ ಎಲೆಯ ಮೇಲೆ ಮಳೆಹನಿ ಬಿದ್ದಂಥ ಸದ್ದು ಬರುತ್ತದೆ, ಮನೆಯೆಲ್ಲ ಕೇಳುತ್ತದೆ. ನಾವು ಜಗಲಿಯಲ್ಲಿ ಮುದ್ದೆಗೆ ಕೂತೆವು. ನಡುಮನೆಯ ಸಣ್ಣ ಕಿಟಕಿ ಹಿತ್ತಲಿಗೆ ತೆರೆಯುತ್ತಿತ್ತು. ಅದರಡಿ ಕೂತಿದ್ದ ಅತ್ತೆ ಊಟದ ತಟ್ಟೆ ಕೆಳಗಿಟ್ಟು ಕೂಗಿದಳು.

“ಅತ್ತೆಮ್ಮಾ, ನಡುಮನೆ ಹುಳ ಆಗ್ಲೇ ಸುಮ್ಕಾಗವೆ. ಉಗ್ರಾಣದವು ಇನ್ನೂ ಮೇಯ್ತಾವೆ. ಸೊಪ್ಪು ಎಷ್ಟು ಹಾಕಿದ್ರಿ?”

“ತೆಳ್ಳಗಾಯ್ತು ಅಂತ ನಂಗೂ ಅನ್ನಿಸ್ತು,” ಎಂದಳು ಅಜ್ಜಿ. “ಮದ್ರಾಸಿನ ಲೆಕ್ಕ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಕಿದ್ದೆ.”

ನಾನು ಎಂಜಲು ಕೈಯಲ್ಲೇ ಎದ್ದು ಬಾಗಿಲಿಂದ ಇಣುಕಿದೆ. ಕೆಳಗಿನ ತಟ್ಟೆಯಲ್ಲಿ ಎಲೆಯ ನರ ಮಾತ್ರ ಉಳಿದಿತ್ತು. ಹುಳಗಳೆಲ್ಲ ಮುಂಭಾಗ ಎತ್ತಿ ಗಾಳಿಯಲ್ಲಿ ಆಚೀಚೆ ಆಡಿಸುತ್ತಿದ್ದವು. ಒಂದೂ ಸದ್ದು ಮಾಡಲಿಲ್ಲ. ಮಾವ ಓಡಿಹೋಗಿ ಚಪ್ಪಡಿಯ ಮುಂದೆ ನಿಂತ. ಬೀಜಗಳು ಹಾಗೇ ಇದ್ದವು.

“ಅತ್ತಿಗೆ, ಈ ಮೇಲಿನ ಸಾಲು ಯಾವ ಕೋಣೆ?”

“ಕೋಣೆ ಎಲ್ಲೈತೆ? ಅದು ಸಣ್ಣ ಹುಳದ ಸಾಲು. ಕೆಳಗಿಂದು ದೊಡ್ಡ ಹುಳದ್ದು. ಹುಳಕ್ಕಲ್ವಾ ಮೇವು ಹಾಕೋದು, ಗೋಡೆಗಾ?”

ಅವಳ ಸಾಲು ಹುಳದ್ದು. ನಮ್ಮ ಸಾಲು ಕೋಣೆಯದು. ಬರೆದುಕೊಳ್ಳುವಾಗ ನಾನು ಚೌಕವನ್ನು ಮಗುಚಬೇಕಿತ್ತು: ನಡುಮನೆಗೆ ನಾಲ್ಕು, ಮೂರು; ಉಗ್ರಾಣಕ್ಕೆ ಎರಡು, ಐದು. ಕೋಣೆಯೊಳಗೆ ಕಣ್ಣಾಡಿಸಿದ್ದರೆ ತಿಳಿಯುತ್ತಿತ್ತು, ಆದರೆ ನೋಡಬಾರದೆಂಬ ಕಟ್ಟಳೆ. ಅಲ್ಲೇ ನಿಂತು ಮತ್ತೆ ಗುಣಿಸಿದೆ. ನಡುಮನೆಗೆ ಹನ್ನೊಂದು, ಒಂಬತ್ತು. ಉಗ್ರಾಣಕ್ಕೆ ಒಂಬತ್ತು, ಹದಿನೈದು. ಎಳೆಯದು ಒಂದೇ ಕಮ್ಮಿ, ಅದಕ್ಕೆ ರಾಶಿಯಲ್ಲಿ ಹೆಚ್ಚಿನದಿತ್ತು; ಆದರೆ ನಡುಮನೆಯ ದೊಡ್ಡ ಹುಳಕ್ಕೆ ಮೂರು ಮಡಿಲು ಬಲಿತ ಸೊಪ್ಪು ಕಮ್ಮಿ ಬಿದ್ದಿತ್ತು. ಆ ಮೂರನ್ನು ಮಧ್ಯಾಹ್ನದ ರಾಶಿಯಿಂದ ತೆಗೆದು ಹಾಕಿದೆವು. ಆ ರಾಶಿಯಲ್ಲೂ ಮೊದಲೇ ಮೂರು ಕಮ್ಮಿ; ಈಗ ಮಧ್ಯಾಹ್ನಕ್ಕೆ ಆರು ಕಮ್ಮಿಯಾಯಿತು. ಬಿಸಿಲು ಏರಿತ್ತು. ಬಾವಿಯ ಹತ್ತಿರ ಹುಣಸೆಯ ನೆರಳಿಗೆ ನಾಲ್ಕು ಸಾಲು ಗಿಡ ಇವೆ ಎಂದಳು ಅತ್ತೆ. ಮಾವ ಒದ್ದೆ ಗೋಣಿ ತಲೆಯ ಮೇಲೆ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ ತಾನೇ ಓಡಿದ. ತೋಟದಿಂದ ಮರಳುತ್ತಿದ್ದ ನರಸಮ್ಮ ಅವನು ಸೊಪ್ಪು ಕೀಳುವುದನ್ನು ಕಂಡು ಸೊಂಟದ ಮೇಲೆ ಕೈಯಿಟ್ಟು ನಿಂತಳಂತೆ.

“ಏಮಯ್ಯಾ, ಮದ್ರಾಸು ಚದುವು ಇಂತೇನಾ?” ಓದು ಇಷ್ಟೇನಾ ಎಂದು. ಆಮೇಲೆ ತಾನೂ ಕೀಳಲು ಬಗ್ಗಿದಳು.

ನಾಲ್ಕು ಮಡಿಲು ಸಿಕ್ಕಿತು. ಎರಡು ಸಿಗಲಿಲ್ಲ. ಸಂಜೆಯ ಮೇವಿನವರೆಗೆ ನಾನು ನಡುಮನೆಯ ಹೊಸ್ತಿಲಿಗೂ ಹಿತ್ತಲಿಗೂ ನಡುವೆ ಎಷ್ಟು ಸಲ ಓಡಾಡಿದೆನೋ. ಮಾವನೂ ಓಡಾಡುತ್ತಿದ್ದ. ಅಜ್ಜಿ ಇಬ್ಬರನ್ನೂ ಸೇರಿಸಿ ಬೈದಳು. ನನ್ನ ತಲೆಯಲ್ಲಿ ಇದ್ದದ್ದು ಹುಳ ಮಾತ್ರ ಎಂದು ಬರೆದರೆ ಸುಳ್ಳಾಗುತ್ತದೆ. ಅಪ್ಪನಿಗೆ ಹೋಗಲಿರುವ ಕಾಗದವೂ ಇತ್ತು. ಸಂಜೆ ಅತ್ತೆಯ ಬಳಿ, ಮುಟ್ಟದಷ್ಟು ದೂರದಲ್ಲಿ ಕೂತೆ.

“ಅತ್ತೆ, ಇದನ್ನ ಅಪ್ಪಂಗೆ ಬರೀಬ್ಯಾಡ ಅಂತ ಮಾವಂಗೆ ಹೇಳು.”

“ನಾನ್ಯಾಕೆ ಹೇಳ್ಲಿ? ಮೂರು ದಿನ ನಂಗೆ ಹೊರಗೆ ಕೂರೋ ಕೆಲ್ಸ. ನಾಳೆ ಲೆಕ್ಕಾನೂ ನೀನೇ ಮಾಡ್ಬೇಕು. ಬೀಜ ಇಡ್ತೀನಿ, ಮೊದ್ಲು ನನ್ನ ಕೇಳು, ಆಮ್ಯಾಲೆ ಸುಣ್ಣ ಹಿಡಿ.”

ಮರುದಿನವೂ ಅದರ ಮರುದಿನವೂ ಲೆಕ್ಕ ನಾನೇ ಮಾಡಿದೆ. ಎರಡು ದಿನವೂ ಕೇಳಿದೆ. ಎರಡು ದಿನವೂ ಸೊಪ್ಪು ಸರಿಹೋಯಿತು. ನಡುಮನೆಯ ದೊಡ್ಡ ಹುಳಗಳು ಉಗ್ರಾಣದವಕ್ಕಿಂತ ಒಂದು ದಿನ ತಡವಾಗಿ ಗೂಡು ಕಟ್ಟಲು ಹಣ್ಣಾದವು. ನಷ್ಟ ಅಷ್ಟೇ ಎಂದು ಅತ್ತೆ ಹೇಳಿದಳು. ಇದಕ್ಕೆ ಬೇರೆ ಸಾಕ್ಷಿ ನನ್ನಲ್ಲಿಲ್ಲ.

ಹುಳಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ, ಎಂದರೆ ಸುರುಳಿ ಹೆಣೆದ ಬಿದಿರು ತಟ್ಟಿಗೆ, ಬಿಟ್ಟ ದಿನ ಮಾವ ಕಾಗದ, ಮಸಿಕುಡಿಕೆ ತಂದು ನನ್ನ ಮುಂದೆ ಇಟ್ಟ. ನೀನೇ ಬರಿ ಎಂದ. ನಾನು ಬರೆದೆ: ‘ಲೆಕ್ಕದಲ್ಲಿ ಸ್ವಲ್ಪ ತಪ್ಪಾಯಿತು.’

“ಸ್ವಲ್ಪ ಅಂದ್ರೆ ಎಷ್ಟು?” ಎಂದು ಆ ಪದವನ್ನು ಹೊಡೆದ. ಮೂರು ಮಡಿಲು ಎಂದು ಬರೆದೆ.

“ತಪ್ಪಾಯಿತು ಅಂದ್ರೆ? ತಾನಾಗೇ ಆಯ್ತಾ?”

‘ತಪ್ಪು ಮಾಡಿದೆ’ ಎಂದು ತಿದ್ದಿದೆ. ಹೇಗೆ ಎಂದು ಕೇಳಿದ. ಬೀಜದ ಸಾಲು ಬರೆದೆ. ಯಾರು ಕಂಡುಹಿಡಿದರು ಎಂದು ಕೇಳಿದ. ಅತ್ತೆಯ ಹೆಸರು ಬರೆದೆ, ಕಿವಿಯಿಂದ ಎಂದೂ ಬರೆದೆ. ನಾಲ್ಕು ಸಲ ಬರೆದು ಹರಿದೆ. ಐದನೆಯದು ಅರ್ಧ ಪುಟಕ್ಕೆ ಇಳಿಯಿತು. ಹುಡುಗಿಗೆ ಬೀಜಗಣಿತ ಕೊಡಿಸಿ ಎಂಬ ಮಾತನ್ನು ಅವನು ಸೇರಿಸುತ್ತಾನೆಂದು ಕಾದೆ. ಅವನು ಕೆಳಗೆ ಒಂದೇ ಸಾಲು ಬರೆದ: ‘ಗುಣಾಕಾರ ನಾನು ನೋಡಿದ್ದೆ, ಬೀಜ ನೋಡಲಿಲ್ಲ; ತಪ್ಪಿನಲ್ಲಿ ನನ್ನ ಪಾಲೂ ಇದೆ.’ ನನಗೆ ಅಳು ಬಂತು. ಅವನು ಲಕೋಟೆ ಅಂಟಿಸಿದ. ಅವನ ಫಲಿತಾಂಶ ನಾನು ಹೊರಟ ಮೇಲೆ ಬಂತು, ಪಾಸಾಗಿದ್ದ.

ರಾಯದುರ್ಗಕ್ಕೆ ಮರಳಿದಾಗ ಕಾಗದ ನನಗಿಂತ ಮೊದಲು ತಲುಪಿತ್ತು. ಅಪ್ಪ ಅದರ ಮಾತೆತ್ತಲಿಲ್ಲ. ಒಂದು ದಿನ, ಎರಡು ದಿನ. ಅಮ್ಮ ಹೊಲಿಗೆಗೆ ಬಟ್ಟೆ ತರಿಸುವ ವಿಚಾರ ತೆಗೆದಳು, ಅವನು ಕೋಟು ತೊಟ್ಟು ಸ್ಟೇಷನ್ನಿಗೆ ಹೊರಟ. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ಮನೆ ಹೋಗಿ ಬರುತ್ತಿದ್ದೆ. ಚೀಟಿ ಕೊಡಬೇಕಾದ ಕೊನೆಯ ದಿನ ಅಪ್ಪ ಉಣ್ಣದೆ ಹೋಗಿದ್ದನೆಂದು ಅಮ್ಮ ಬುತ್ತಿ ಕೊಟ್ಟು ನನ್ನನ್ನು ಸ್ಟೇಷನ್ನಿಗೆ ಕಳಿಸಿದಳು. ಟಿಕೆಟ್ ಕಿಟಕಿಯ ಮುಂದೆ ಹತ್ತು ಹನ್ನೆರಡು ಜನರ ಸಾಲು. ಅಪ್ಪ ನನ್ನನ್ನು ಒಳಗೆ ಕರೆಯಲಿಲ್ಲ. ಸಾಲಿನ ಮುಂದಕ್ಕೆ, ಕಿಟಕಿಯ ಹತ್ತಿರ ಬರಲು ಸನ್ನೆ ಮಾಡಿದ. ಅವನ ಮುಂದೆ ಆ ಕಾಗದ ಬಿಚ್ಚಿತ್ತು.

“ಇದನ್ನ ಬರದಾಕಿ ನೀನಾ, ನಿಮ್ಮ ಮಾವನಾ?”

“ನಾನಪ್ಪಾ. ಕಡೀ ಸಾಲು ಮಾವಂದು.”

“ತಪ್ಪು ಮಾಡೇನಿ ಅಂತ ನೀನ ಬರದೀದಿ. ಮುಂದ ತಪ್ಪಂಗಿಲ್ಲ ಅಂತ ಬರದು ಕೊಡ್ತಿಯೇನು?”

ಹೂಂ ಅಂದರೆ ಸಹಿ ಸಿಗಬಹುದಿತ್ತು. ಬಾಯಿಯವರೆಗೂ ಬಂದಿತ್ತು.

“ಹಂಗ ಬರದು ಕೊಡಾಕ ಬರಂಗಿಲ್ಲಪ್ಪಾ. ಇನ್ನೂ ತಪ್ಪು ಆಗ್ತಾವ. ಎಲ್ಲಿ ತಪ್ಪೀನಿ ಅಂತ ಹುಡುಕಾಕ ಮಾತ್ರ ಬರ್ತದ.”

ಅಪ್ಪ ಕಂಬಿಯಡಿಯಿಂದ ಒಂದು ಖಾಲಿ ಕಾಗದ, ಪೆನ್ಸಿಲು ತಳ್ಳಿದ. “ತೋರ್ಸು.”

ನಿಂತಲ್ಲೇ ಕಂಸ ಎಳೆದೆ. ಅತ್ತೆಯ ಸಾಲು, ನಮ್ಮ ಸಾಲು, ತಪ್ಪು ಉತ್ತರ, ಸರಿ ಉತ್ತರ. ಎಡಗೈ ಬೆರಳು ಅಡ್ಡ, ಬಲಗೈ ಬೆರಳು ಕೆಳಕ್ಕೆ. ಅಪ್ಪ ಕಂಬಿಯ ಆಚೆ ತನ್ನ ಬೆರಳನ್ನೂ ಇಟ್ಟು ಜೊತೆಗೆ ಓಡಿಸಿದ. ಒಂದು ಕಡೆ ತಪ್ಪಿ ಮತ್ತೆ ಮೊದಲಿಂದ ಬಂದ. ಹಿಂದಿನಿಂದ ಯಾರೋ ರೇಗಿದರು.

“ಏನ್ರಿ, ಗಾಡಿ ಬರೂತನ ಮಗಳಿಗೆ ಪಾಠ ಹೇಳಾಕ ಕುಂತೀರೇನ್ರಿ?”

“ಹೇಳಾಕತ್ತಾಕಿ ಆಕಿ,” ಎಂದ ಅಪ್ಪ, ತಲೆ ಎತ್ತದೆ. “ತಡ್ರಿ.”

ಹನ್ನೊಂದು, ಒಂಬತ್ತು, ಒಂಬತ್ತು, ಹದಿನೈದು. ಅವನ ಬೆರಳೂ ಅಲ್ಲಿಗೇ ಬಂತು. ಜೇಬಿನಿಂದ ಶಾಲೆಯ ಚೀಟಿ ತೆಗೆದು, ಬೀಜಗಣಿತ ಎಂದಿದ್ದ ಕಡೆ ಗೆರೆ ಹಾಕಿ, ಕೆಳಗೆ ಸಹಿ ಮಾಡಿ, ಒತ್ತುಕಾಗದ ಒತ್ತಿದ. ಟಿಕೆಟ್ ಕೊಡುವ ಹಾಗೆ ಕಂಬಿಯಡಿಯಿಂದ ನನ್ನ ಕಡೆ ಸರಿಸಿದ.

“ಮುಂದಿನವರು ಬರ್ರಿ,” ಎಂದ.